ಅಪ್‌ಡೇಟ್: ಅಮ್ಮನ ತೊಂದರೆ ಕಣ್ಣಿನದಲ್ಲ

ಅಮ್ಮನಿಗೆ ಬಣ್ಣಗಳು ಬೇರೆಯಾಗಿ, ನೇರ ಗೆರೆಗಳು ಸೊಟ್ಟಗೆ ಕಾಣುತ್ತಿವೆ, ಕಣ್ಣಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಏನಿರಬಹುದು ಎಂದು ಮೂರು ವಾರದ ಹಿಂದೆ ಕೇಳಿದ್ದೆ. ನರರೋಗ ತಜ್ಞರಿಗೆ ತೋರಿಸಿ ಎಂದು ಒತ್ತಾಯಿಸಿದ ಎಲ್ಲರಿಗೂ ನಾನು ಋಣಿ.

ಉತ್ತರ ಸಿಕ್ಕಿದೆ: ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಿದುಳಿನ ಕಾಯಿಲೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1-2 ಮಂದಿಗೆ ಬರುವಂಥದ್ದು. ಪ್ರಿಯಾನ್ ಎಂಬ ಪ್ರೋಟೀನ್ ತಪ್ಪಾಗಿ ಮಡಚಿಕೊಂಡು, ಪಕ್ಕದವನ್ನೂ ಹಾಗೇ ಕೆಡಿಸುತ್ತಾ ಹೋಗುತ್ತದಂತೆ. ಮರೆವಿನಿಂದಲೇ ಶುರುವಾಗಬೇಕೆಂದಿಲ್ಲ. ಕೆಲವರಿಗೆ ಮೊದಲು ನಡಿಗೆ ತೂರಾಡುತ್ತದೆ, ಕೆಲವರಿಗೆ ಖಿನ್ನತೆ ಬರುತ್ತದೆ, ನಿದ್ದೆ ಕೆಡುತ್ತದೆ. ಅಮ್ಮನದು ಹೈಡೆನ್‌ಹೈನ್ ಎಂಬ ರೂಪ. ಮೊದಲ ಪೆಟ್ಟು ಬಿದ್ದದ್ದು ನೋಟವನ್ನು ಅರ್ಥ ಮಾಡಿಕೊಳ್ಳುವ ಮಿದುಳಿನ ಹಿಂಭಾಗಕ್ಕೆ. ಎಂಆರ್‌ಐನಲ್ಲಿ ಮಿದುಳಿನ ಹೊರಪದರ ರಿಬ್ಬನ್‌ನಂತೆ ಬೆಳ್ಳಗೆ ಕಂಡಿತು. ಬೆನ್ನಿನಿಂದ ತೆಗೆದ ದ್ರವದಲ್ಲಿ ಕೆಟ್ಟ ಪ್ರಿಯಾನ್ ಇದೆಯೇ ಎಂದು ನೋಡುವ ಆರ್‌ಟಿ-ಕ್ವಿಕ್ ಪರೀಕ್ಷೆಯೂ ಪಾಸಿಟಿವ್.

ಅದಕ್ಕೂ ಮೊದಲು ಆಟೋಇಮ್ಯೂನ್ ಎನ್ಸೆಫಲೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬಿದ್ದು ಬರುವ ಉರಿಯೂತ) ಇರಬಹುದೇ ಎಂದು ನೋಡಿದ್ದರು. ಅದಕ್ಕೆ ಚಿಕಿತ್ಸೆ ಇದೆ. ಅದೇ ಆಗಿರಲಿ ಎಂದು ಎಷ್ಟು ಬೇಡಿಕೊಂಡೆನೋ.

ಇದನ್ನು ತಡೆಯುವ ಔಷಧ ಇಲ್ಲ. ಹೆಚ್ಚಿನವರು ವರ್ಷದೊಳಗೆ ಹೋಗಿಬಿಡುತ್ತಾರೆ. ಕೈಕಾಲು ಥಟ್ಟನೆ ಅದುರುವುದಕ್ಕೆ ಮಾತ್ರೆ ನಡೆಯುತ್ತಿದೆ. ಮುಟ್ಟಿದರೆ, ಅಪ್ಪಿಕೊಂಡರೆ ಹರಡುವುದಿಲ್ಲ, ಇದನ್ನು ಮನೆಯವರಿಗೆಲ್ಲ ಹೇಳಿದ್ದೇನೆ. ನನ್ನ ಮುಖ ಈಗ ಅಮ್ಮನಿಗೆ ಗೊತ್ತಾಗುತ್ತಿಲ್ಲ. ದನಿ ಕೇಳಿದರೆ ಕೈ ಚಾಚುತ್ತಾಳೆ.