ಸಹಾಯ ಬೇಕು: ಹಳೇ ಝಡ್4, ರೂಫ್ ಅರ್ಧಕ್ಕೇ ನಿಲ್ಲುತ್ತೆ

ಅಣ್ಣಂದಿರೇ, ಬಳ್ಳಾರಿಯಿಂದ ಕೇಳ್ತಿದೀನಿ. ಹೈದರಾಬಾದಿನಲ್ಲಿ ಒಂದು ಬಿಎಂಡಬ್ಲ್ಯೂ ಝಡ್4 ಮಾರಾಟಕ್ಕಿದೆ. 2011ರ ಮಾಡೆಲ್, 35ಐ, ಗಟ್ಟಿ ರೂಫ್ ಮಡಚಿ ಡಿಕ್ಕಿಗೆ ಹೋಗುವಂಥದ್ದು. ಇದರ ಎನ್54 ಇಂಜಿನ್‌ನಲ್ಲಿ ಕೈಕೊಡೋ ಹೈ ಪ್ರೆಷರ್ ಪಂಪ್, ಇಂಜೆಕ್ಟರ್, ಟರ್ಬೊ ವೇಸ್ಟ್‌ಗೇಟ್ ಸದ್ದು ಎಲ್ಲ ಚೆಕ್ ಆಗಿದೆ. ಎನ್‌ಒಸಿ ತಂದು ಕೆಎ-34ಕ್ಕೆ ಮಾಡಿಸೋದು, ಇಲ್ಲಿನ ಲೈಫ್ ಟ್ಯಾಕ್ಸ್ ಕೂಡ ಲೆಕ್ಕಕ್ಕೆ ತಗೊಂಡಾಗಿದೆ. ತಲೆನೋವು ರೂಫ್‌ದು.

ಬಟನ್ ಒತ್ತಿ ಹಿಡಿದ್ರೆ ಗ್ಲಾಸ್ ಇಳಿಯುತ್ತೆ, ಡಿಕ್ಕಿ ಮುಚ್ಚಳ ಹಿಂದಕ್ಕೆ ಎದ್ದೇಳುತ್ತೆ, ಅಲ್ಲಿಗೇ ಸ್ತಬ್ಧ. ರೂಫ್ ಎತ್ತೋ ಹೈಡ್ರಾಲಿಕ್ (ಎಣ್ಣೆ ಒತ್ತಡದ) ಪಂಪ್ ಸದ್ದು ಒಂದೆರಡು ಸೆಕೆಂಡ್ ಕೇಳಿ ನಿಲ್ಲುತ್ತೆ.

ಇಂಜಿನ್ ಚಾಲೂ ಇಟ್ಟೇ ನೋಡಿದ್ದು, ಬ್ಯಾಟರಿ ಹತ್ರ 14.1 ವೋಲ್ಟ್ ಇತ್ತು. ಡಿಕ್ಕಿಯೊಳಗಿನ ಅಡ್ಡ ಪರದೆ ಸರಿಯಾಗಿ ಸಿಕ್ಕಿಸಿದೆ (ಅದು ಸಿಕ್ಕಿಸದಿದ್ರೆ ಈ ಗಾಡೀಲಿ ರೂಫ್ ಅಲ್ಲಾಡೋದೇ ಇಲ್ಲ, ಎಷ್ಟೋ ಜನ ಇಲ್ಲೇ ಮೋಸ ಹೋಗ್ತಾರೆ). ಎಣ್ಣೆ ಸೋರಿದ ಗುರುತು ಮೇಲ್ನೋಟಕ್ಕೆ ಕಾಣಲ್ಲ.

ಮಾರೋರು ಪಂಪ್ ಹೋಗಿದೆ, ಅಷ್ಟು ದುಡ್ಡು ಕಡಿಮೆ ಮಾಡ್ತೀವಿ ಅಂತಾರೆ. ಆದ್ರೆ ಪಂಪ್ ಸತ್ತಿದ್ರೆ ಮುಚ್ಚಳ ಹೇಗೆ ಎದ್ದೇಳುತ್ತೆ? ಡಿಕ್ಕಿ ಹಿಂಜ್ ಹತ್ರ ಮಡಚೋ ವೈರು ಒಳಗೇ ತುಂಡಾಗಿರಬಹುದು, ಇಲ್ಲಾ ರೂಫ್, ಮುಚ್ಚಳ ಎಲ್ಲಿವೆ ಅಂತ ತಿಳಿಸೋ ಪೊಸಿಷನ್ ಸೆನ್ಸರ್ ಕೆಟ್ಟಿರಬಹುದು. ವೈರಾದ್ರೆ ಬೆಸುಗೆ ಹಾಕಿದ್ರೆ ಮುಗೀತು, ರೂಫ್ ಎತ್ತೋ ಹೈಡ್ರಾಲಿಕ್ ಸಿಲಿಂಡರ್ ಆದ್ರೆ ದೊಡ್ಡ ಖರ್ಚು. ದುಡ್ಡು ಕೊಡೋ ಮುಂಚೆ ಒಳಗಿನ ಲೈನಿಂಗ್ ಬಿಚ್ಚೋಕೆ ಅವ್ರು ಬಿಡ್ತಿಲ್ಲ.

ಲೈನಿಂಗ್ ಬಿಚ್ಚದೇ, ಸ್ಕ್ಯಾನರ್ (ಗಾಡಿ ಕಂಪ್ಯೂಟರ್ ಓದೋ ಯಂತ್ರ) ಮತ್ತೆ ಮಲ್ಟಿಮೀಟರ್ ಇಷ್ಟರಲ್ಲೇ, ತಪ್ಪು ವೈರಿಂದೋ ಸೆನ್ಸರ್‌ದೋ ಹೈಡ್ರಾಲಿಕ್‌ದೋ ಅಂತ ಬೇರೆ ಮಾಡೋದು ಹೇಗೆ? ಸ್ಕ್ಯಾನರ್‌ನಲ್ಲಿ ಯಾವ ರೀಡಿಂಗ್ ಮೊದಲು ನೋಡ್ಬೇಕು?