ಕುದಿಸಿದ್ರೆ ಎಲ್ಲಾ ಹೋಗುತ್ತೆ ಅಂದ್ರು ಚಿಕ್ಕಪ್ಪ

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ) ಹಿತ್ತಲ ಗಿಡವೇ ಮದ್ದು!! ಯಾವ ಕಳೆಯನ್ನೂ ಕಿತ್ತೆಸೆಯಬೇಡಿ. ಮೊಲ ತಿನ್ನುವ ಸೊಪ್ಪನ್ನು ಮನುಷ್ಯನೂ ತಿನ್ನಬಹುದು. ಹತ್ತು ನಿಮಿಷ ಕುದಿಸಿದರೆ ಎಂಥ ವಿಷವೂ ಹೋಗುತ್ತದೆ. ಎಲ್ಲರಿಗೂ ಕಳಿಸಿ

ದೊಡ್ಡಮ್ಮ: ತುಂಬಾ ಒಳ್ಳೆ ಮಾಹಿತಿ 🙏

ಅಕ್ಕ: ಚಿಕ್ಕಪ್ಪ ಬೇಜಾರ್ ಮಾಡ್ಕೋಬೇಡಿ, ಇದನ್ನ ಇನ್ನೊಬ್ರಿಗೆ ಕಳಿಸ್ಬೇಡಿ. ಉಮ್ಮತ್ತಿ ಎಲೇನ ಹತ್ತು ನಿಮಿಷ ಅಲ್ಲ ಒಂದು ಗಂಟೆ ಕುದಿಸಿದ್ರೂ ಅದು ವಿಷಾನೇ. ಇನ್ನು ಆ ಮೊಲದ ಕಥೆ, ಎಷ್ಟೋ ಮೊಲಗಳ ರಕ್ತದಲ್ಲಿ ಉಮ್ಮತ್ತಿಯ ಅಟ್ರೋಪಿನ್ ಅನ್ನೋ ವಿಷಾನ ಒಡೆಯೋ ಎನ್ಝೈಮ್ ಇರುತ್ತೆ, ನಮಗಿಲ್ಲ, ಅದು ಮೆದ್ದು ಕುಪ್ಪಳಿಸ್ಕೊಂಡ್ ಹೋಗುತ್ತೆ ನಾವು ಬಾಯಿ ಒಣಗಿ ಕಣ್ಣು ಮಂಜಾಗಿ ಏನೇನೋ ಬಡಬಡಿಸ್ತಾ ಆಸ್ಪತ್ರೆ ಸೇರ್ತೀವಿ

ಚಿಕ್ಕಪ್ಪ: ಉಮ್ಮತ್ತಿ ಯಾರು ತಿಂತಾರಮ್ಮ?? ತುತ್ತೂರಿ ಥರ ಹೂವು, ಮುಳ್ಳು ಮುಳ್ಳು ಕಾಯಿ, ಎಳೇ ಮಗೂಗೂ ಗೊತ್ತಾಗುತ್ತೆ

ಅಕ್ಕ: ಹೂವು ಬಿಟ್ಮೇಲೆ ಗೊತ್ತಾಗುತ್ತೆ. ನಾವು ಸೊಪ್ಪಿಗೆ ಕೀಳೋದು ಗೇಣುದ್ದ ಇದ್ದಾಗ, ಆಗ ಹೂವೂ ಇಲ್ಲ ಕಾಯೂ ಇಲ್ಲ. 2022ರ ಡಿಸೆಂಬರಲ್ಲಿ ಆಸ್ಟ್ರೇಲಿಯಾದಲ್ಲಿ ಪಾಲಕ್ ತಿಂದು ನೂರಕ್ಕೂ ಜಾಸ್ತಿ ಜನಕ್ಕೆ ಹುಷಾರು ತಪ್ತು, ಕೊನೆಗೆ ನೋಡಿದ್ರೆ ಹೊಲದಲ್ಲಿ ಪಾಲಕ್ ಮಧ್ಯ ಬೆಳೆದಿದ್ದ ಉಮ್ಮತ್ತಿ ಜಾತಿ ಕಳೆ. ಅದು ಸೊಪ್ಪು ಬೆಳೆಯೋದೇ ಕಸುಬಾಗಿರೋರ ಹೊಲ

ಭಾವ: ಅದಕ್ಕೇ ಹಿತ್ತಲ ಗಿಡ ಮದ್ದಲ್ಲ ಅಂದಿರೋದು 😂

ಚಿಕ್ಕಪ್ಪ: ಆ ಗಾದೆ ಅರ್ಥ ಅದಲ್ಲ ಮಾರಾಯ, ಹತ್ರ ಇರೋದಕ್ಕೆ ಬೆಲೆ ಇಲ್ಲ ಅಂತ. ಈ ಗ್ರೂಪಲ್ಲಿ ನನಗಿಲ್ವಲ್ಲ ಹಾಗೆ

ಚಿಕ್ಕಪ್ಪ: ಇರ್ಲಿ, ನಾನು ಕಿತ್ತಿರೋದು ಗೋಣಿಸೊಪ್ಪು. ಒಲೆ ಮೇಲೆ ನೀರು ಇಟ್ಟಾಗಿದೆ. (ಫೋಟೋ)

ಅಕ್ಕ: ಒಂದ್ನಿಮಿಷ, ಝೂಮ್ ಮಾಡ್ತೀನಿ

ಅಕ್ಕ: ಎಡಗಡೆ ಇರೋದು ಗೋಣಿಸೊಪ್ಪೇ, ದಂಟು ದಪ್ಪ, ನುಣುಪು, ಎಲೆ ಒಳಗೆ ನೀರು ತುಂಬ್ಕೊಂಡಿರೋ ಥರ ಇದೆ. ಆದ್ರೆ ಬಟ್ಟಲಿನ ಬಲಗಡೆ ಅಂಚಲ್ಲಿ ಇರೋದ್ ನೋಡಿ, ದಂಟು ದಾರದಷ್ಟು ತೆಳ್ಳಗೆ, ಎಲೆ ತೆಳು, ಮಧ್ಯ ಕೆಂಪು ಮಚ್ಚೆ. ಅದನ್ನ ಉಗುರಲ್ಲಿ ಚಿವುಟಿ

ಚಿಕ್ಕಪ್ಪ: ಚಿವುಟಿದೆ

ಚಿಕ್ಕಪ್ಪ: ಹಾಲು ಬಂತು

ಅಕ್ಕ: ಗೋಣಿಸೊಪ್ಪಲ್ಲಿ ಹಾಲು ಬರಲ್ಲ, ಬರೋದು ಬರೀ ನೀರು. ಆ ಹಾಲು ಗಿಡ ಕಳ್ಳಿ ಜಾತೀದು, ಒಂದೇ ಥರ ನೆಲಕ್ಕೆ ಅಂಟ್ಕೊಂಡು ಒಂದರೊಳಗೊಂದು ಹೆಣೆದು ಬೆಳೆದಿರುತ್ತೆ, ಹಿಡಿ ಹಿಡಿ ಕಿತ್ರೆ ಎರಡೂ ಬರುತ್ತೆ. ಕೈ ತೊಳ್ಕೊಳಿ ಮೊದ್ಲು, ಕಣ್ಣಿಗೆ ತಾಗಿಸ್ಬೇಡಿ. ಆಮೇಲೆ ಇಡೀ ಗುಡ್ಡೇನ ಒಂದೊಂದೇ ಕಡ್ಡಿ ಚಿವುಟಿ ಬೇರೆ ಮಾಡಿ, ಬೇರೆ ದಾರಿ ಇಲ್ಲ

ತಮ್ಮ: ಹಾಗಾದ್ರೆ ಕುದಿಸೋದು ದಂಡಾನಾ

ಅಕ್ಕ: ದಂಡ ಅಲ್ಲ, ಗಿಡ ಯಾವ್ದು ಅಂತ ಗ್ಯಾರಂಟಿ ಆದ್ಮೇಲೆ ಅದಕ್ಕೆ ಕೆಲ್ಸ ಇದೆ. ಗೋಣಿಸೊಪ್ಪು, ಹರಿವೆ ಜಾತಿ ಎಲ್ಲದ್ರಲ್ಲೂ ಕಿಡ್ನೀಲಿ ಕಲ್ಲು ಕಟ್ಟೋ ಆಕ್ಸಲೇಟ್ ಜಾಸ್ತಿ, ಧಾರಾಳವಾಗಿ ನೀರಿಟ್ಟು ಬೇಯಿಸಿ ಆ ನೀರು ಚೆಲ್ಲಿದ್ರೆ ಕರಗೋ ಆಕ್ಸಲೇಟ್ ಎಷ್ಟೋ ಕಮ್ಮಿ ಆಗುತ್ತೆ, ಹಂಗಂತ ಆವೀಲಿ ಬೇಯಿಸಿದ್ರೆ, ಬೇಯಿಸಿದ ನೀರೇ ಕುಡಿದ್ರೆ ಅಷ್ಟು ಪ್ರಯೋಜನ ಇಲ್ಲ

ಅತ್ತೆ: ಅಯ್ಯೋ ಆ ನೀರಲ್ಲೇ ಸತ್ವ ಇರೋದು ಅಂತ ನಾನು ಯಾವಾಗ್ಲೂ ಕುಡಿತೀನಲ್ಲೇ, ಅದೂ ಕಿಡ್ನಿ ಸ್ಟೋನ್ ಆದೋಳು

ಅಕ್ಕ: ಅತ್ತೆ ನೀವು ಕುಡೀಬೇಡಿ. ಸೊಪ್ಪು ತಿಂದಾಗ ಮೊಸರು ಜೊತೆಗಿರ್ಲಿ, ಅದರ ಕ್ಯಾಲ್ಸಿಯಂ ಈ ಆಕ್ಸಲೇಟ್‌ನ ಹೊಟ್ಟೇಲೇ ಹಿಡ್ಕೊಳುತ್ತೆ. ಎಷ್ಟು ತಿನ್ಬೋದು ಅಂತ ನಿಮ್ಮ ಡಾಕ್ಟ್ರನ್ನ ಕೇಳಿ, ನನ್ನಲ್ಲ

ಚಿಕ್ಕಪ್ಪ: ಬೆಳಗ್ಗೆ ಕಿತ್ರೆ ಹುಳಿ ಜಾಸ್ತಿ ಅಂತಾರಲ್ಲ, ಅದೂ ಸುಳ್ಳಾ? ನಿನ್ನ ಪ್ರಕಾರ ಎಲ್ಲಾ ಸುಳ್ಳೇ

ಅಕ್ಕ: ಅದು ನಿಜ! ನೀರು ಕಮ್ಮಿ ಆದಾಗ ಗೋಣಿಸೊಪ್ಪು ರಾತ್ರಿ ಗಾಳಿ ಎಳ್ಕೊಂಡು ಮ್ಯಾಲಿಕ್ ಆಸಿಡ್ ಮಾಡಿ ಇಟ್ಕೊಳುತ್ತೆ, ಹಗಲು ಬಿಸಿಲಲ್ಲಿ ಅದನ್ನ ಖರ್ಚು ಮಾಡುತ್ತೆ, ಅದಕ್ಕೇ ಸಂಜೆ ಹುಳಿ ಇಳಿದಿರುತ್ತೆ. ನೋಡಿ ನಿಮ್ಮ ಮಾತನ್ನೂ ಒಪ್ತೀನಿ

ಚಿಕ್ಕಪ್ಪ: 😎

ಭಾವ: ಸ್ಕ್ರೀನ್‌ಶಾಟ್ ತಗೊಂಡೆ

ದೊಡ್ಡಮ್ಮ: ಗಣಿಕೆ ಸೊಪ್ಪು?

ಅಕ್ಕ: ಗುರುತು ಗೊತ್ತಿರೋರು ಕಿತ್ರೆ ಎಳೇ ಎಲೆ ಬೇಯಿಸಿ ನೀರು ಚೆಲ್ಲಿ ತಿಂತಾರೆ, ಹಸಿರು ಕಾಯಿ ಮಾತ್ರ ಮುಟ್ಬೇಡಿ, ಅದರಲ್ಲಿ ಸೋಲನಿನ್ ಅನ್ನೋ ವಿಷ ಇರುತ್ತೆ, ಅದೂ ಶಾಖಕ್ಕೆ ಬಗ್ಗಲ್ಲ. ಫೋಟೋ ಕಳಿಸಿ ಹೌದಾ ಅಂದ್ರೆ ನಾನಂತೂ ಹೇಳಲ್ಲ, ಗೋಣಿಸೊಪ್ಪಿನ ಥರ ಚಿವುಟಿ ನೋಡೋ ಸುಲಭ ಪರೀಕ್ಷೆ ಅದಕ್ಕಿಲ್ಲ

ಚಿಕ್ಕಪ್ಪ: ಮುಕ್ಕಾಲು ಗಂಟೆ ಕೂತು ಆರಿಸ್ದೆ. ಬೆನ್ನು ಹೋಯ್ತು. ಹಾಲಿಂದು ಒಂದು ಹಿಡಿ ಸಿಕ್ತು, ಮಿಕ್ಕಿದ್ದು ಅಪ್ಪಟ ಗೋಣಿಸೊಪ್ಪು, ಮೂರು ನೀರಲ್ಲಿ ತೊಳ್ದಿದೀನಿ. ಈಗಾದ್ರೂ ಒಲೆ ಮೇಲೆ ಹಾಕ್ಲಾ ಮೇಡಂ?

ಅಕ್ಕ: ಹಾಕಿ 😄 ಎಲ್ಲಿಂದ ಕಿತ್ರಿ ಅಂದಹಾಗೆ?

ಚಿಕ್ಕಪ್ಪ: ಹಿಂದಿನ ಕಾಂಪೌಂಡ್ ಗೋಡೆ ಪಕ್ಕ, ಅಲ್ಲಿ ಹುಲುಸಾಗಿ ಬಂದಿದೆ

ಚಿಕ್ಕಮ್ಮ: ಅಲ್ಲಾ ರೀ, ಆ ಗೋಡೆ ಪಕ್ಕ ಶನಿವಾರ ತಾನೇ ಕಳೆ ಔಷಧಿ ಹೊಡೆಸಿದ್ದು ನಾನು

ಅಕ್ಕ: ಅದು ಎಲೆ ಒಳಗೇ ಇಳಿಯೋ ಔಷಧಿ ಆಗಿದ್ರೆ ಮೂರಲ್ಲ ಮೂವತ್ತು ನೀರಲ್ಲಿ ತೊಳೆದ್ರೂ ಹೋಗಲ್ಲ, ಕುದಿಸಿದ್ರೆ ಹೋಗುತ್ತೆ ಅಂತ ನಂಬ್ಕೊಂಡು ತಿನ್ನೋ ವಸ್ತು ಅಲ್ಲ ಅದು. ಎಸೀರಿ

ಚಿಕ್ಕಪ್ಪ: ಮನೇಲಿ ಒಂದು ಮಾತು ಹೇಳ್ಬಾರ್ದಾ

ಚಿಕ್ಕಮ್ಮ: ಗ್ರೂಪಲ್ಲಿ ಹಾಕಿದ್ನಲ್ಲ ಶನಿವಾರಾನೇ, ಆ ಕಡೆ ಹೋಗ್ಬೇಡಿ ಅಂತ. ನೀವು ಥಂಬ್ಸ್ಅಪ್ ಕೊಟ್ಟಿದೀರ, ಮೇಲೆ ಹೋಗಿ ನೋಡಿ