ಗೋಕರ್ಣ–ಕುಮಟಾ ಕಡೆ ಮೂರು ರಾತ್ರಿ: ಅವ್ವನ ಮೊಣಕಾಲಿಗೆ ಒಗ್ಗೋ ಜಾಗ ಹೇಳ್ರಿ

ಗೋಕುಲ ರೋಡ್, ಹುಬ್ಬಳ್ಳಿ:
ನವೆಂಬರ್ ಕೊನೆಗೆ ಸಮುದ್ರದ ಕಡೆ ಹೋಗೋ ವಿಚಾರ ಐತಿ. ನಾವಿಬ್ಬರು, ಎರಡು ಹುಡುಗರು, ಜೋಡಿಗೆ ನಮ್ಮವ್ವ. ಅವ್ವಗ ಮೊಣಕಾಲು ನೋವು. ದೊಡ್ಡ ರೆಸಾರ್ಟ್ ಬ್ಯಾಡ. ನಾಲ್ಕೈದು ರೂಮಿನ, ಹಂಚಿನ ಮನಿಯಂಥಾ ಚಂದನ ಜಾಗ ಬೇಕು, ಕಿಟಕಿ ತಗದ್ರ ನೀರು ಕಾಣಬೇಕು. ಹೋಗಿ ಬಂದವ್ರು ಹೇಳ್ರಿ.

ಸಪ್ತಾಪುರ, ಧಾರವಾಡ:
ರೇಟ್ ಆಮ್ಯಾಲ ಕೇಳ್ರಿ. ಮೊದ್ಲ ಕೇಳೋದು ಇದು: ಕಾರು ನಿಂತಲ್ಲಿಂದ ರೂಮಿನ ಬಾಗಿಲಿಗೆ ಎಷ್ಟು ಮೆಟ್ಟಿಲು? ಹ್ವಾದ ವರ್ಷ ನಾವು ಇದನ್ನ ಕೇಳದ ಬುಕ್ ಮಾಡಿದ್ವಿ. ಫೋಟೋದಾಗ ಸಮುದ್ರ ಅಂಗಳಕ್ಕ ಹತ್ತಿದಂಗಿತ್ತು. ಹೋಗಿ ನೋಡಿದ್ರ ಕಾರು ಗುಡ್ಡದ ಮ್ಯಾಲ, ರೂಮು ಕೆಳಗ. ನಡುವ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು, ಒಂದು ಗೇಣುದ್ದ ಇದ್ರ ಮುಂದಿಂದು ಮೊಣಕಾಲೆತ್ತರ. ಹಿಡಕೊಳ್ಳಾಕ ಕಂಬಿ ಇಲ್ಲ. ನಮ್ಮ ಮಾವನವರು ಅರ್ಧಕ್ಕ ಕುಂತು, ಟೊಪಗಿ ತಗದು ತೊಡಿ ಮ್ಯಾಲ ಇಟ್ಕೊಂಡು, "ನನ್ನ ಇಲ್ಲೇ ಬಿಟ್ಟು ನೀವು ಹೋಗ್ರಪಾ" ಅಂದ್ರು. ಒಮ್ಮೆ ಇಳದವ್ರು ಮೂರು ದಿನ ಮ್ಯಾಲ ಹತ್ತಲಿಲ್ಲ, ಮಹಾಬಲೇಶ್ವರನ ದರ್ಶನನೂ ಆಗಲಿಲ್ಲ. ಮನಿಗೆ ಬಂದ ಮ್ಯಾಲೂ ಆ ಮಾತು ತಗದ ತಗೀತಾರ.

ಓಂ ಬೀಚು, ಕುಡ್ಲೆ ಎರಡೂ ಹಿಂಗ, ಗಾಡಿ ಮ್ಯಾಲ, ಉಸುಕು ಕೆಳಗ. ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡ ಹತ್ತಿ ಇಳೀಬೇಕು, ಇಲ್ಲಾ ದೋಣಿ. ಹುಡುಗರು ಕುಣೀತಾವ, ಅವ್ವಾರಿಗೆ ಸರಿ ಹೋಗಂಗಿಲ್ಲ. ಗೋಕರ್ಣ ಊರ ಮುಂದಿನ ದಂಡಿ ಆದ್ರ ಸಪಾಟ ಐತಿ, ಗದ್ದಲಾನೂ ಐತಿ.

ಕೇಶ್ವಾಪುರ, ಹುಬ್ಬಳ್ಳಿ:
ನಾನು ಕುಮಟಾದವಳು, ಮದುವೆಯಾಗಿ ಇಲ್ಲಿ ಬಂದವಳು. ನನ್ನ ಕೇಳಿದರೆ ಸಮುದ್ರದ ಎದುರು ರೂಮೇ ಬೇಕು ಅನ್ನುವ ಹಟ ಬಿಡಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಹುಡುಕಿ. ನೆಲ ಸಮತಟ್ಟು, ಸಾಮಾನ್ಯವಾಗಿ ಕಾರು ಅಂಗಳದ ತನಕ ಬರುತ್ತದೆ. ಆ ಹೊಳೆಗೆ ಒಂದೂ ಅಣೆಕಟ್ಟಿಲ್ಲ. ಸಿಹಿನೀರು, ಉಪ್ಪುನೀರು ಬೆರೆಯುವ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದರು, ಮಾಣಿಕಟ್ಟಾದಲ್ಲಿ ಈಗಲೂ ಉಳಿಸಿಕೊಂಡವರಿದ್ದಾರೆ.

ಆದರೆ ಒಂದು ತಿಳಿದಿರಲಿ. ಭರತದಲ್ಲಿ ಕಿಟಕಿಯ ಕೆಳಗೆ ನೀರು, ಇಳಿತದಲ್ಲಿ ಬರೇ ಕೆಸರು. ನಮ್ಮ ಪರಿಚಯದವರು ಬೆಳಿಗ್ಗೆ ಎದ್ದು "ನೀರೆಲ್ಲಿ ಹೋಯ್ತು?" ಎಂದು ತಾವು ಉಳಿದುಕೊಂಡ ಮನೆಯವರ ಮೇಲೆ ಸಿಟ್ಟಾಗಿದ್ದರು! ನೋಡುವಂಥದ್ದು ಇರುವುದೇ ಆಗ. ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು, ಕಾಲಲ್ಲೇ ಕೆಸರು ತಡವಿ ಬಳಚು ಎನ್ನುವ ಚಿಪ್ಪುಮೀನು ಹೆಕ್ಕುತ್ತಾರೆ. ಬುಟ್ಟಿ ಪಕ್ಕದಲ್ಲಿ ತೇಲುತ್ತಿರುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ, ಮನೆಯವರನ್ನು ಕೇಳಿದರೆ ಬಾಯಲ್ಲೇ ಹೇಳುತ್ತಾರೆ. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿ, ಮಕ್ಕಳಿಗೆ ಅದೇ ದೊಡ್ಡ ಖುಷಿ. ಮಿರ್ಜಾನ ಕೋಟೆ ಹತ್ತಿರ. ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಹೆಸರು ಅದಕ್ಕೆ ಅಂಟಿಕೊಂಡಿದೆ.

ಗದಗ:
ಅಕ್ಕಾರು ಹೇಳಿದ್ದು ಖರೆ. ಆ ಅಳಿವೆ 2024ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರ್ತು. ಅದ ಹೊತ್ತಿಗೆ ನಮ್ಮ ಶಿರಹಟ್ಟಿ ಕಡೆ ಮಾಗಡಿ ಕೆರಿನೂ ಸೇರ್ತು. ಹಕ್ಕಿ ಹುಚ್ಚಿದ್ರ ದುರ್ಬೀನು ಒಯ್ರಿ. ಸಮುದ್ರ ನೋಡಿ ಬಂದ ಮ್ಯಾಲ ಚಳಿಗಾಲದಾಗ ಒಂದಿನ ಮಾಗಡಿಗೂ ಬರ್ರಿ, ಪಟ್ಟೆತಲೆ ಹೆಬ್ಬಾತು ಬಂದಿರ್ತಾವ. ಇಲ್ಲೆ ಮೆಟ್ಟಿಲ ಕಾಟ ಇಲ್ಲ.

ನವನಗರ, ಹುಬ್ಬಳ್ಳಿ:
ದಾರಿ ಹೇಳ್ತೀನಿ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಘಟ್ಟದಾಗ ಲಾರಿ ಸಾಲು ಹಿಡಿದ್ರ ತಾಸುಗಟ್ಟಲೆ ಅದರ ಹೊಗಿ ಕುಡಕೋತ ಹೋಗಬೇಕು, ಅದಕ್ಕ ನಸುಕಿನಾಗ ಬಿಡ್ರಿ. ಹುಡುಗರಿಗೆ ಯಲ್ಲಾಪುರದ ತನಕ ಹೊಟ್ಟಿತುಂಬ ತಿನ್ನಿಸಬ್ಯಾಡ್ರಿ, ತಿರುವಿನಾಗ ಎಲ್ಲಾ ಹೊರಗ ಬರ್ತದ. ಶಿರಸಿ–ದೇವಿಮನೆ ಘಟ್ಟದ ದಾರಿನೂ ಚಂದ, ಆದ್ರ ರಸ್ತಾ ಕೆಲಸದ ಸಲುವಾಗಿ ಬಂದ್ ಇಟ್ಟದ್ದುಂಟು, ಕೇಳ್ಕೊಂಡ ಬಿಡ್ರಿ. ಹುಬ್ಬಳ್ಳಿ–ಅಂಕೋಲಾ ರೈಲು ಬರ್ತದ ಅಂತ ನಮ್ಮಪ್ಪ ಕಾಯ್ದಾ, ಈಗ ಪಾಳಿ ನಂದು.

ಹಾವೇರಿ:
ಮೀನು ತಿನ್ನವ್ರಾದ್ರ ನವೆಂಬರ್ ಛಲೋ. ಜೂನ್, ಜುಲೈದಾಗ ಯಂತ್ರದ ದೋಣಿ ಕಡಲಿಗಿಳಿಯಂಗಿಲ್ಲ. ತಿನ್ನದವ್ರಾದ್ರ ಸಣ್ಣ ಜಾಗದಾಗ ಅಡಗಿ ಮೊದ್ಲ ಹೇಳಿಡ್ರಿ, ರಾತ್ರಿ ಒಂಬತ್ತಕ್ಕ ಕೇಳಿದ್ರ ಒಲಿ ಆರಿರ್ತದ. ಅವ್ವಾರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಳ್ರಿ. ಕುಚ್ಚಲಕ್ಕಿ ಅನ್ನ ಎರಡನೇ ದಿನಕ್ಕ ನಮ್ಮ ಮಂದಿಗೆ ಸಾಕಾಗ್ತದ.

ಗೋಕುಲ ರೋಡ್, ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ. ಎರಡು ಕಡೆ ಫೋನ್ ಹಚ್ಚಿ ಮೆಟ್ಟಿಲು ಕೇಳಿದೆ. ಒಬ್ಬಾವ "ಜಾಸ್ತಿ ಇಲ್ಲ ಸರ್, ಅರವತ್ತು" ಅಂದ. ಇನ್ನೊಬ್ರು "ಮೆಟ್ಟಿಲೇ ಇಲ್ಲ, ಆದರೆ ಸಮುದ್ರ ಕಾಣುವುದಿಲ್ಲ, ಹೊಳೆ ಕಾಣ್ತದೆ" ಅಂದ್ರು. ಅವ್ವ ಬಾಜೂಕ ಕುಂತು ಕೇಳ್ಸ್ಕೊಂಡ್ಲು. "ಹೊಳಿನ ಇರ್ಲಿ, ರೊಕ್ಕ ಹಾಕು" ಅಂದ್ಲು. ಹಾಕೇನಿ. ಕೇಶ್ವಾಪುರದ ಅಕ್ಕಾರ, ಆ ಬಳಚು ಮನಿಯವ್ರಿಗೆ ಹೇಳಿದ್ರ ಮಾಡಿ ಹಾಕ್ತಾರೇನು?